ತಕ್ಕಡಿಯೋ ಪಕ್ಷಾಂತರವೋ? ತರಗತಿಯಲ್ಲೇ ಸಂಶೋಧನೆ ಮಾಡಿದವರು ಅನುಭವ ಹೇಳಿ

ಹೊಸ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಎರಡು ಸೆಕ್ಷನ್‌ಗೆ ಗಣಿತ ತಗೋತೀನಿ. ಈ ವರ್ಷ ಸಣ್ಣದೊಂದು ಕ್ರಿಯಾ ಸಂಶೋಧನೆ ಮಾಡೋಣ ಅಂತಿದ್ದೀನಿ. ಏಕಚರ ಸಮೀಕರಣವನ್ನ (ಗೊತ್ತಿಲ್ಲದ ಸಂಖ್ಯೆ, ಅಂದರೆ ಅವ್ಯಕ್ತ, ಒಂದೇ ಇರೋದು) ಒಂದು ಸೆಕ್ಷನ್‌ಗೆ ತಕ್ಕಡಿ ಮಾದರಿಯಲ್ಲಿ, ಅಂದರೆ ಎರಡೂ ತಟ್ಟೆಯಿಂದ ಅಷ್ಟಷ್ಟೇ ತೆಗೆದು, ಇನ್ನೊಂದಕ್ಕೆ ಪಕ್ಷಾಂತರದಲ್ಲಿ, ಅಂದರೆ ಪದವನ್ನ ಸಮಚಿಹ್ನೆಯ ಆಚೆ ಒಯ್ದು ಚಿಹ್ನೆ ಬದಲಿಸಿ ಕಲಿಸೋದು. ಆರು ವಾರ, ಶುರುವಿಗೊಂದು ಪರೀಕ್ಷೆ, ಕೊನೆಗೊಂದು. ಒಂದೇ ಅಳುಕು: ‘ಎ’ಗೆ ದಿನಾ ಮೊದಲನೇ ಪೀರಿಯಡ್, ‘ಬಿ’ಗೆ ದಿನಾ ಕೊನೇದು. ಹೋಲಿಕೆ ಹಾಳಾಗುತ್ತಾ? ಮಾಡಿದವರು ಹೇಳಿ.

ತಕ್ಕಡಿ ಮುರಿದವಳು
ಮಾಡಿದ್ದೀನಿ. ಮೂರು ವರ್ಷ ಆಯ್ತು, ಹೊಟ್ಟೆಯುರಿ ಇನ್ನೂ ಆರಿಲ್ಲ. ರಟ್ಟು ಕತ್ತರಿಸಿ ತಕ್ಕಡಿ ಮಾಡಿದೆ, ಒಂದಲ್ಲ ಹನ್ನೊಂದು. ನಾಲ್ಕು ಭಾನುವಾರ ಅದಕ್ಕೇ ಹೋಯ್ತು. ಮೊದಲ ಎರಡು ವಾರ 2ಎಕ್ಸ್ + 3 = 11 ತರಹದವು. ಮಕ್ಕಳು ಪಟಪಟ ಹೇಳಿದರು, ನಾನು ಹಿಗ್ಗಿದೆ. ಆಮೇಲೆ ಗಮನಿಸಿದರೆ ತಕ್ಕಡಿಯನ್ನ ಯಾರೂ ಮುಟ್ಟೇ ಇಲ್ಲ! 11ರಲ್ಲಿ 3 ಕಳೆದು 2ರಿಂದ ಭಾಗಿಸೋದು, ಅಷ್ಟೇ. ಅದು ಬರೀ ಅಂಕಗಣಿತ. ತಕ್ಕಡಿ ನಿಜಕ್ಕೂ ಬೇಕಾಗೋದು 5ಎಕ್ಸ್ + 2 = 3ಎಕ್ಸ್ + 10 ಅಂತ ಎರಡೂ ಕಡೆ ಅವ್ಯಕ್ತ ಬಂದಾಗ. ಅಂಕಗಣಿತಕ್ಕೂ ಬೀಜಗಣಿತಕ್ಕೂ ನಡುವಿನ ಈ ಬಿರುಕಿನ ಬಗ್ಗೆ ಸಂಶೋಧಕರಾದ ಫಿಲೋಯ್ ಮತ್ತು ರೋಹಾನೋ 1989ರಲ್ಲೇ ಬರೆದಿದ್ದಾರೆ. ನಾನು ಓದಿದ್ದು ಎಲ್ಲಾ ಮುಗಿದ ಮೇಲೆ.

ಇನ್ನು ಮೂರನೇ ವಾರ. ಎಕ್ಸ್ + 7 = 3 ಬರೆದೆ. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತು, “ಮಿಸ್, ಈ ತಟ್ಟೆಯಲ್ಲಿ 7ರ ಜೊತೆ ಇನ್ನೂ ಏನೋ ಇದೆ, ಆ ತಟ್ಟೆಯಲ್ಲಿ ಬರೀ 3. ಹೇಗೆ ಸಮ ಆಗುತ್ತೆ?” ಅಂದಳು. ನನ್ನ ಬಾಯಿ ಕಟ್ಟಿತು. ಋಣ ತೂಕಕ್ಕೆ ಬಲೂನ್ ಕಟ್ಟಿದ ಚಿತ್ರ ಬರೆದೆ, ಅವರು ಬಲೂನಿಗೂ ತೂಕ ಇರುತ್ತೆ ಅಂದರು. ಋಣಸಂಖ್ಯೆ ಬಂದ ಕೂಡಲೇ ತಕ್ಕಡಿ ಕೈಕೊಡುತ್ತೆ ಅನ್ನೋದನ್ನ ವ್ಲಾಸಿಸ್ 2002ರಲ್ಲೇ ತೋರಿಸಿದ್ದರು.

ಉತ್ತರ ಪತ್ರಿಕೆ 79. ತಪ್ಪಿನ ಬಗೆ ನೋಡಿ ವಿಂಗಡಿಸೋಕೆ ಒಂದೊಂದಕ್ಕೆ ಒಂಬತ್ತು ನಿಮಿಷ, ಒಟ್ಟು ಹನ್ನೆರಡು ಗಂಟೆ. ಐದು ಬಗೆ ಅಂತ ಶುರು ಮಾಡಿದ್ದು ಹದಿನೇಳಾಯ್ತು, ಹಾಗಾಗಿ ಮೊದಲಿಂದ ಇನ್ನೊಂದು ಸಲ ಹನ್ನೆರಡು ಗಂಟೆ. ಕೊನೆಗೆ ಎರಡೂ ಸೆಕ್ಷನ್‌ನ ಸರಾಸರಿ ಹೆಚ್ಚುಕಮ್ಮಿ ಒಂದೇ.

22 ವರ್ಷದ ಸೀಮೆಸುಣ್ಣ
ಇದಕ್ಕೇ ನಾನು ಹೇಳುವುದು, ರಟ್ಟು ಕತ್ತರಿಸುವ ಹೊತ್ತಿಗೆ ನಲವತ್ತು ಲೆಕ್ಕ ಮಾಡಿಸಬಹುದು. ಆಚೆ ಹೋದರೆ ಚಿಹ್ನೆ ಬದಲು. ಒಂದು ಸಾಲು, ಒಂದು ಪೀರಿಯಡ್. ನನ್ನ ತರಗತಿಯಲ್ಲಿ ಸಮೀಕರಣದಲ್ಲಿ ಫೇಲಾದವರು ವಿರಳ. ಸಂಶೋಧನೆ ಮಾಡುವವರಿಗೆ ಪಾಠ ಮುಗಿಸುವ ಹೊರೆ ಇರುವುದಿಲ್ಲ.

ಸಮಚಿಹ್ನೆ ಸುಮ
ಸೀಮೆಸುಣ್ಣ ಸರ್, ನಿಮ್ಮಂಥವರ ಕೈಯಲ್ಲಿ ಪಳಗಿ ಬಂದ ಮಕ್ಕಳು ನನ್ನ ಹತ್ತಿರ ಬರ್ತಾರೆ. 4ಎಕ್ಸ್ = 12 ಕೊಟ್ಟರೆ ಎಕ್ಸ್ = 12 − 4 = 8. ಯಾಕೋ ಅಂದ್ರೆ, “4 ಆಚೆ ಹೋಯ್ತಲ್ಲ ಮಿಸ್, ಮೈನಸ್ ಆಯ್ತು.” ನಿಯಮ ಪಾಲಿಸಿದ್ದಾನೆ ಪಾಪ, ಚಾಚೂ ತಪ್ಪದೆ.

ರೋಗ ಇರೋದು ತಕ್ಕಡಿಯಲ್ಲೂ ಅಲ್ಲ, ಪಕ್ಷಾಂತರದಲ್ಲೂ ಅಲ್ಲ. ಸಮಚಿಹ್ನೆಯಲ್ಲಿ. 8 + 4 = □ + 5 ಕೊಟ್ಟು ನೋಡಿ. ಫಾಕ್ನರ್, ಲೆವಿ, ಕಾರ್ಪೆಂಟರ್ 1999ರಲ್ಲಿ ಬರೆದ ಲೇಖನದಲ್ಲಿ 145 ಆರನೇ ತರಗತಿ ಮಕ್ಕಳಿದ್ದಾರೆ, ಒಬ್ಬರೂ 7 ಬರೆಯಲಿಲ್ಲ, ಎಲ್ಲಾ 12 ಇಲ್ಲ 17. ಮಕ್ಕಳಿಗೆ ಸಮಚಿಹ್ನೆ ಅಂದ್ರೆ ‘ಈಗ ಉತ್ತರ ಬರಿ’. ನಾನು ಒಂದು ತಿಂಗಳು ‘ಸಮ’ ಅನ್ನೋ ಪದವನ್ನೇ ಬಿಟ್ಟು ‘ಅಷ್ಟೇ ಬೆಲೆ’ ಅಂತ ಓದಿಸಿದೆ. ಪಾಠ ಹಿಂದೆ ಬಿತ್ತು, ಮೂರು ಶನಿವಾರ ಸ್ಪೆಷಲ್ ಕ್ಲಾಸ್, ಗಂಟಲು ಕಟ್ಟಿ ಒಂದು ವಾರ ಸನ್ನೆಯಲ್ಲೇ ಪಾಠ. ಆದರೂ ಮತ್ತೆ ಮಾಡ್ತೀನಿ.

22 ವರ್ಷದ ಸೀಮೆಸುಣ್ಣ
ಅದು ಪ್ರಾಥಮಿಕ ಶಾಲೆಯ ಲೆಕ್ಕ. ನಮ್ಮ ಮಕ್ಕಳಿಗೆ ಕೊಡುವುದು ಅವಮಾನ.

ಸಮಚಿಹ್ನೆ ಸುಮ
ಕೊಟ್ಟು ನೋಡಿ ಆಮೇಲೆ ಅವಮಾನದ ಮಾತಾಡೋಣ ಸರ್.

ಬೆರಕೆ ಅಭ್ಯಾಸ
ಇಬ್ಬರೂ ಕಲಿಸೋ ರೀತಿಗೇ ಜೋತುಬಿದ್ದಿದ್ದೀರಿ. ಅಭ್ಯಾಸ ಹೇಗೆ ಕೊಡ್ತೀವಿ ಅನ್ನೋದು? ರೋಹ್ರರ್ ತಂಡ 2015ರಲ್ಲಿ ಏಳನೇ ತರಗತಿಗೆ ಒಂದೇ ಬಗೆಯ ಲೆಕ್ಕ ಸಾಲಾಗಿ ಕೊಡೋದರ ಬದಲು ಬೇರೆಬೇರೆ ಪಾಠದ್ದನ್ನ ಬೆರೆಸಿ ಕೊಟ್ಟರು. 30 ದಿನ ಬಿಟ್ಟು ಪರೀಕ್ಷೆ: ಬೆರೆಸಿದ್ದಕ್ಕೆ ಶೇ. 74, ಸಾಲಾಗಿ ಮಾಡಿದ್ದಕ್ಕೆ ಶೇ. 42. ಇದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ.

31 ಹಾಳೆ ತಯಾರಿಸಿದೆ, ಒಂದೊಂದರಲ್ಲಿ 12 ಲೆಕ್ಕ. ಅಪವರ್ತನ, ಸಮೀಕರಣ, ನಿತ್ಯಸಮೀಕರಣ, ನಕ್ಷೆ, ಎಲ್ಲಾ ಕಲಸಿ. ಒಂದು ಹಾಳೆಗೆ ಒಂದು ಗಂಟೆ ನಲವತ್ತು ನಿಮಿಷ. ಏಳನೇ ಹಾಳೆಯ ಉತ್ತರದಲ್ಲಿ ನಾನೇ ಒಂದು ಮೈನಸ್ ನುಂಗಿದ್ದೆ. ಅರ್ಧ ತರಗತಿ ಸರಿ ಉತ್ತರ ಹೊಡೆದುಹಾಕಿ ನನ್ನ ತಪ್ಪು ಉತ್ತರ ಬರೆದುಕೊಂಡು ಬಂತು, ಒಬ್ಬ ಮಾತ್ರ ಕಾಗದ ತೂತಾಗೋವರೆಗೆ ಅಳಿಸಿ ಅಳಿಸಿ ತನ್ನದೇ ಉತ್ತರ ಉಳಿಸಿಕೊಂಡಿದ್ದ.

ಘಟಕ ಪರೀಕ್ಷೆ ಬಂತು. ಪಕ್ಕದ ಸೆಕ್ಷನ್ ಒಂದೇ ಪಾಠ ತಿಕ್ಕಿ ತಿಕ್ಕಿ ಬಂದಿತ್ತು, ನಮ್ಮದು ಹಿಂದೆ ಬಿತ್ತು. “ಪ್ರಯೋಗ ಸಾಕು” ಅಂತ ಮೇಲಿನಿಂದ ಮಾತು ಬಂತು. ನನಗೆ ಬೇಕಿದ್ದ 30 ದಿನದ ನಂತರದ ಪರೀಕ್ಷೆ ನಡೀಲೇ ಇಲ್ಲ. 19 ಹಾಳೆ ಬೀರುವಿನಲ್ಲಿ ಹಾಗೇ ಇವೆ. ಬೇಕಾದವರಿಗೆ ಕೊಡ್ತೀನಿ, ಏಳನೇದು ತಿದ್ದಿದ್ದೀನಿ.

ತಕ್ಕಡಿ ಮುರಿದವಳು
ಪರೀಕ್ಷೆಯನ್ನೇ ನಡೆಸದೆ ನಿಮ್ಮದು ಗೆದ್ದಿತು ಅನ್ನೋ ಧಾಟಿ ಯಾಕೆ ಸರ್? ನಾನಾದರೂ ಸೋತೆ ಅಂತ ಅಂಕಿ ಇಟ್ಟು ಹೇಳಿದೆ.

ಬೆರಕೆ ಅಭ್ಯಾಸ
ಗೆದ್ದಿತು ಅಂತ ಎಲ್ಲಿ ಹೇಳಿದೆ ಮೇಡಂ? ನಡೆಸೋಕೆ ಬಿಡಲಿಲ್ಲ ಅಂದೆ. ನೀವೂ ಕೊನೇ ಪಾಠದ ಮಾರನೇ ದಿನವೇ ಪರೀಕ್ಷೆ ಇಟ್ಟಿರ್ತೀರಿ. ತಿಂಗಳು ಬಿಟ್ಟು ಇಟ್ಟಿದ್ದರೆ ಸರಾಸರಿ ಒಂದೇ ಇರುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು.

ತಕ್ಕಡಿ ಮುರಿದವಳು
ಮಾರನೇ ದಿನ ಅಲ್ಲ. ಎರಡು ದಿನ ಬಿಟ್ಟು.

ಅಕ್ಷರಕ್ಕೇನು ಬೆಲೆ
ನೀವು ಸಮೀಕರಣ ಬಿಡಿಸೋದರಲ್ಲೇ ಇದ್ದೀರಿ. ಬರೆಯೋಕೆ ಬಂದರೆ ತಾನೇ ಬಿಡಿಸೋದು? ‘ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ’, ಇದನ್ನ ಸಮೀಕರಣ ಮಾಡಿ. ವಿ, ಪ್ರಾ ಅಂತ ಅಕ್ಷರ ತಗೊಂಡರೆ 6ವಿ = ಪ್ರಾ ಅಂತ ಬರೆಯೋರೇ ಬಹಳ, ಸರಿಯಾದ್ದು ವಿ = 6ಪ್ರಾ. 1980ರ ಆಸುಪಾಸಿನಲ್ಲಿ ಕ್ಲೆಮೆಂಟ್ ಮತ್ತು ಜೊತೆಯವರು ಮೊದಲ ವರ್ಷದ ಇಂಜಿನಿಯರಿಂಗ್‌ನವರಿಗೆ ಕೊಟ್ಟಾಗ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ತಪ್ಪಿದರು. ನಾನು ಸ್ಟಾಫ್ ರೂಮಿನಲ್ಲಿ ಕೊಟ್ಟೆ. ಕೊಟ್ಟಿದ್ದೇ ತಪ್ಪಾಯ್ತು. ಒಬ್ಬ ಸಹೋದ್ಯೋಗಿ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಮೂಲ ಎಲ್ಲಿದೆ ಅಂದರೆ ‘ಸೇ ಅಂದರೆ ಸೇಬು, ಬಾ ಅಂದರೆ ಬಾಳೆಹಣ್ಣು’ ಅಂತ ಸಜಾತಿ ಪದ (ಒಂದೇ ಅಕ್ಷರ ಇರೋ ಪದಗಳು) ಕಲಿಸೋದರಲ್ಲಿ. ಕುಕೆಮನ್ 1981ರಲ್ಲಿ ಮಕ್ಕಳು ಅಕ್ಷರವನ್ನ ಆರು ಬಗೆಯಲ್ಲಿ ನೋಡ್ತಾರೆ ಅಂದ, ಅದರಲ್ಲೊಂದು ‘ಅಕ್ಷರವೇ ವಸ್ತು’. ಅಕ್ಷರ ವಸ್ತುವಲ್ಲ, ಎಣಿಕೆ. 3ಸೇ ಅಂದರೆ ಮೂರು ಸೇಬಾದರೆ ಸೇ ಗುಣಿಸು ಬಾ ಅಂದರೆ ಏನ್ರೀ, ಹಣ್ಣಿನ ರಸವಾ?

22 ವರ್ಷದ ಸೀಮೆಸುಣ್ಣ
ಹಾಗಾದರೆ 12ನೇ ಶತಮಾನದ ಭಾಸ್ಕರಾಚಾರ್ಯರು ಅವ್ಯಕ್ತಗಳಿಗೆ ಕಾಲಕ, ನೀಲಕ ಎಂದು ಬಣ್ಣದ ಹೆಸರಿಟ್ಟಿದ್ದೂ ತಪ್ಪೋ? ಸೇಬು ಇಟ್ಟರೆ ಮಾತ್ರ ಅಪರಾಧವೋ?

ಅಕ್ಷರಕ್ಕೇನು ಬೆಲೆ
ಅವರ ಮೊದಲ ಅವ್ಯಕ್ತದ ಹೆಸರೇನು ಸರ್? ಯಾವತ್ತಾವತ್. ‘ಎಷ್ಟೋ ಅಷ್ಟು’. ಶುದ್ಧ ಎಣಿಕೆ! ಕಾಲಕ, ನೀಲಕ ಬಂದದ್ದು ಎರಡನೇದು ಮೂರನೇದನ್ನ ಬೇರೆ ಮಾಡಿ ಹೇಳೋಕೆ. ನೀಲಿ ಬಣ್ಣವನ್ನ ಯಾರೂ ಮೂರರಿಂದ ಗುಣಿಸಲಿಲ್ಲ.

ಬೆರಕೆ ಅಭ್ಯಾಸ
‘ಎಷ್ಟೋ ಅಷ್ಟು’ ಚೆನ್ನಾಗಿದೆ. ನಾಳೆ ಎಕ್ಸ್ ಬದಲು ಹಾಗೇ ಓದಿಸ್ತೀನಿ.

ಹೊಸ ಮೇಷ್ಟ್ರು
ಎಲ್ಲರಿಗೂ ಧನ್ಯವಾದ, ಬಹಳ ಕಲಿತೆ. ಆದರೆ ನಾನು ಕೇಳಿದ್ದು ಮೊದಲನೇ ಪೀರಿಯಡ್, ಕೊನೇ ಪೀರಿಯಡ್ ವಿಷಯ...

ತಕ್ಕಡಿ ಮುರಿದವಳು
ಅಯ್ಯೋ ಹೌದಲ್ಲ. ಹಾಳಾಗುತ್ತೆ ಸರ್. ‘ಎ’ ಮುಂದೆ ಬಂದರೆ ತಕ್ಕಡಿಯಿಂದಲೋ ಬೆಳಗಿನ ಹೊತ್ತಿನಿಂದಲೋ ಹೇಳೋಕಾಗಲ್ಲ. ಮೂರು ವಾರಕ್ಕೆ ಪೀರಿಯಡ್ ಅದಲುಬದಲು ಮಾಡಿಸಿ. ವೇಳಾಪಟ್ಟಿ ಮಾಡೋರು ಒಪ್ಪದಿದ್ದರೆ ಎರಡೂ ಸೆಕ್ಷನ್‌ನಲ್ಲಿ ಅರ್ಧರ್ಧ ಮಕ್ಕಳಿಗೆ ಚೀಟಿ ಎತ್ತಿ ಬೇರೆಬೇರೆ ಹಾಳೆ ಕೊಡಿ. ಆದರೆ ಬೆಂಚಿನಲ್ಲಿ ಪಕ್ಕಪಕ್ಕ ಕೂತವರು ಒಬ್ಬರದೊಬ್ಬರು ನೋಡ್ತಾರೆ, ಅದಕ್ಕೆ ಮದ್ದಿಲ್ಲ.

22 ವರ್ಷದ ಸೀಮೆಸುಣ್ಣ
ಸುಮ ಮೇಡಂ, ಇವತ್ತು ಆ ಚೌಕದ ಲೆಕ್ಕ ಕೊಟ್ಟೆ. ಆರು ಜನ 12 ಬರೆದರು. ಅದರಲ್ಲಿ ಒಬ್ಬ ತರಗತಿಗೇ ಮೊದಲು ಬರುವವನು. ಪ್ರಶ್ನೆಯೇ ಸರಿಯಿಲ್ಲ. ಚೌಕದ ಜಾಗದಲ್ಲಿ ಎಕ್ಸ್ ಇದ್ದಿದ್ದರೆ ಕಣ್ಣು ಮುಚ್ಚಿ ಮಾಡುತ್ತಿದ್ದ.

ಸಮಚಿಹ್ನೆ ಸುಮ
ಮಾಡ್ತಿದ್ದ ಸರ್. ಕಣ್ಣು ಮುಚ್ಚಿಯೇ.