ಜರ್ಮನ್ ವ್ಯಾಕರಣ ಬರುತ್ತದೆ, ಮಾತು ಬರುವುದಿಲ್ಲ: ತರಗತಿಯಲ್ಲಿ ಏನು ಬದಲಿಸಲಿ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ)

ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಲು ಹೊರಟಿರುವ ಹನ್ನೊಂದು ಮಂದಿಗೆ ನಾನು ಸಂಜೆಯ ಹೊತ್ತು ಜರ್ಮನ್ ಕಲಿಸುತ್ತಿದ್ದೇನೆ. ಹೆಚ್ಚಿನವರು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಭಾಷಾ ಮಟ್ಟಗಳಲ್ಲಿ ಎ2 ಮುಗಿದು, ಅದರ ಮೇಲಿನ ಬಿ1 ಅರ್ಧಕ್ಕೆ ಬಂದಿದೆ. ಬಿಟ್ಟ ಸ್ಥಳ ತುಂಬಲು ಕೊಟ್ಟರೆ ನಾಮಪದದ ಲಿಂಗ ತೋರಿಸುವ ಡೆರ್, ಡೀ, ಡಸ್‌ಗಳನ್ನು ತಪ್ಪಿಲ್ಲದೆ ತುಂಬುತ್ತಾರೆ. ಆದರೆ ಮೊನ್ನೆ ಒಬ್ಬಳಲ್ಲಿ ‘ನಿನ್ನೆ ಏನು ಮಾಡಿದೆ’ ಎಂದು ಜರ್ಮನಿನಲ್ಲಿ ಕೇಳಿದಾಗ, ಅವಳು ಉತ್ತರವನ್ನು ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಮೊದಲು ಇಂಗ್ಲಿಷಿನಲ್ಲಿ ಬರೆದು, ಅದರ ಕೆಳಗೆ ಜರ್ಮನಿನಲ್ಲಿ ಬರೆದು, ಆಮೇಲೆ ತಲೆ ಎತ್ತದೆ ಓದಿ ಹೇಳಿದಳು. ಜರ್ಮನ್ ಭಾಷಾ ಪರೀಕ್ಷೆ ನಡೆಸುವ ಗೋಯಥೆ ಸಂಸ್ಥೆಯ ಬಿ1 ಪರೀಕ್ಷೆಯ ಮಾತಿನ ಭಾಗದಲ್ಲಿ ಇಬ್ಬರು ಜೊತೆಗೂಡಿ ಏನನ್ನಾದರೂ ಯೋಜಿಸಬೇಕು. ಜೊತೆಗಾರರ ಮಾತಿಗೆ ಉತ್ತರ ಕೊಡುವಾಗ ಹೀಗೆ ಬರೆದುಕೊಳ್ಳುವುದಕ್ಕೆ ಪುರುಸೊತ್ತು ಎಲ್ಲಿರುತ್ತದೆ? ಇನ್ನೊಂದು ಚಿಂತೆಯೂ ಇದೆ: ಆರಂಭದ ಹುಮ್ಮಸ್ಸು ಇಳಿದು, ಈಗ ದಿನಕ್ಕೆ ಏಳು ಮಂದಿ ಬಂದರೆ ಹೆಚ್ಚು. ಅನುಭವ ಉಳ್ಳವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1 (ಕುಂಬಳೆಯ ನಿವೃತ್ತ ಅಧ್ಯಾಪಕ)

ಟೀಚರ್, ನಿಮ್ಮ ವಿದ್ಯಾರ್ಥಿನಿ ಇಂಗ್ಲಿಷಿನ ಮೂಲಕ ಸುತ್ತುಬಳಸಿ ಹೋಗುತ್ತಿರುವುದೇ ತೊಂದರೆಯ ಬೇರು ಎಂದು ನನಗೆ ಅನಿಸುತ್ತದೆ. ಇಂಗ್ಲಿಷಿನಿಂದ ಪದಕ್ಕೆ ಪದ ತಿರುಗಿಸಿದವರು ಚಳಿಯಾದಾಗ ‘ಇಶ್ ಬಿನ್ ಕಾಲ್ಟ್’ ಎನ್ನುತ್ತಾರೆ. ಜರ್ಮನರ ಕಿವಿಗೆ ಅದು ‘ನಾನು ಭಾವನೆಯಿಲ್ಲದವಳು’ ಎಂಬಂತೆ ಕೇಳಿಸಬಹುದು. ಸರಿಯಾದದ್ದು ‘ಮಿರ್ ಇಸ್ಟ್ ಕಾಲ್ಟ್’, ಅಂದರೆ ನಮ್ಮ ‘ನನಗೆ ಚಳಿ’. ಚತುರ್ಥಿ ವಿಭಕ್ತಿ ಕನ್ನಡದ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತಿರುವಾಗ ಅದನ್ನು ಡೇಟಿವ್ ಎಂಬ ಭೂತವಾಗಿ ಏಕೆ ಪರಿಚಯಿಸಬೇಕು? ‘ಜೀ’ ಮತ್ತು ‘ಡೂ’ ನಮ್ಮ ನೀವು ಮತ್ತು ನೀನು. ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲ. ‘ವೈಲ್’ (ಏಕೆಂದರೆ) ಬಂದಾಗ ಕ್ರಿಯಾಪದ ಕೊನೆಗೆ ಹೋಗುವುದೂ ನಮಗೆ ಹೊಸದಲ್ಲ, ನಮ್ಮ ವಾಕ್ಯವೆಲ್ಲ ಹಾಗೆಯೇ ಮುಗಿಯುತ್ತದೆ. ಲಿಂಗಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಒಳದಾರಿಯಿಲ್ಲ.

ಹುಮ್ಮಸ್ಸಿನ ವಿಷಯ. ಭಾಷೆ ಕಲಿಯುವವರ ಪ್ರೇರಣೆಯನ್ನು ಮನಃಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎರಡಾಗಿ ನೋಡಿದರು: ಕೆಲಸ, ಸಂಬಳದಂಥ ಪ್ರಯೋಜನಕ್ಕಾಗಿ ಕಲಿಯುವುದು ಒಂದು, ಆ ಜನರೊಂದಿಗೆ ಬೆರೆಯಬೇಕೆಂದು ಕಲಿಯುವುದು ಇನ್ನೊಂದು. ವೀಸಾಕ್ಕಾಗಿ ಕಲಿಯುವುದರಲ್ಲಿ ತಪ್ಪೇನೂ ಇಲ್ಲ, ಆದರೆ ವೀಸಾ ದೂರದಲ್ಲಿದೆ, ಮಂಗಳವಾರದ ತರಗತಿ ಹತ್ತಿರದಲ್ಲಿದೆ. ಆ ದಿನ ಕಲಿತದ್ದು ಆ ದಿನವೇ ಯಾವುದಕ್ಕಾದರೂ ಉಪಯೋಗಕ್ಕೆ ಬರಬೇಕು. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುವ ನಮ್ಮೂರಿನ ಮಕ್ಕಳು ಮಲಯಾಳವನ್ನು ವ್ಯಾಕರಣದಿಂದ ಕಲಿತದ್ದಲ್ಲ, ಕಂಡಕ್ಟರನಲ್ಲಿ ಬಾಕಿ ಚಿಲ್ಲರೆ ಕೇಳಿ ಕಲಿತದ್ದು.

ಉತ್ತರ 2 (ಜರ್ಮನಿಯಲ್ಲಿ ನರ್ಸ್, ಊರು ಮುಳ್ಳೇರಿಯ)

ಮಾಷ್ಟ್ರು ಹೇಳಿದ್ದು ನಿಜ. ನನ್ನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ನಾನು ಬಿ2 ಪಾಸಾಗಿ ಬಂದವಳು, ಆದರೂ ಮೊದಲ ವಾರ ಒಬ್ಬ ಅಜ್ಜ ‘ಷೀಬರ್’ ಎಂದು ಮತ್ತೆ ಮತ್ತೆ ಕೂಗಿದಾಗ ನನಗೆ ಅರ್ಥವಾಗಲಿಲ್ಲ. ಅವರಿಗೆ ಬೇಕಾದದ್ದು ಬೆಡ್ ಪ್ಯಾನ್. ನನ್ನ ಪುಸ್ತಕದಲ್ಲಿ ಪ್ರವಾಸ, ಪರಿಸರ, ಹವ್ಯಾಸ ಎಲ್ಲ ಇತ್ತು, ಅದೊಂದು ಇರಲಿಲ್ಲ.

ಅಂಕೆಗಳ ಕಷ್ಟ ಇದಕ್ಕಿಂತ ದೊಡ್ಡದು. ಜರ್ಮನಿನಲ್ಲಿ 85ನ್ನು ‘ಐದು ಮತ್ತು ಎಂಬತ್ತು’ ಎನ್ನುತ್ತಾರೆ. ಫೋನಿನಲ್ಲಿ ನಾಡಿಬಡಿತ ಬರೆದುಕೊಳ್ಳುವಾಗ ಕೇಳಿದ ಕ್ರಮದಲ್ಲೇ ಪೆನ್ನು ಓಡಿ ನಾನು 58 ಎಂದು ಬರೆದಿದ್ದೆ. ತಿರುಗಿ ಓದಿ ಹೇಳಿದ್ದರಿಂದ ತಪ್ಪು ಸಿಕ್ಕಿತು. ಆದ್ದರಿಂದ ಟೀಚರ್, ದಿನಾ ಹತ್ತು ನಿಮಿಷ ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ, ಒಬ್ಬಳು ಬಿಪಿ, ಜ್ವರ, ಕೋಣೆಯ ನಂಬರ್ ಹೇಳಲಿ, ಇನ್ನೊಬ್ಬಳು ಬರೆದು ತಿರುಗಿ ಹೇಳಲಿ. ಮುಖ ಕಾಣದಿದ್ದಾಗಲೇ ಕಿವಿ ತೆರೆಯುವುದು. ಪಾಳಿ ಬದಲಾಗುವಾಗ ರೋಗಿಗಳ ವಿವರವನ್ನು ಮುಂದಿನವರಿಗೆ ಒಪ್ಪಿಸುವ ಹ್ಯಾಂಡ್‌ಓವರನ್ನೂ ಹೀಗೆಯೇ ಮಾಡಿಸಬಹುದು. ಕೆಲಸ ಗೊತ್ತಿರುವವರಾದ್ದರಿಂದ ಹೇಳಲು ಅವರಲ್ಲಿ ವಿಷಯವಿರುತ್ತದೆ.

ಉತ್ತರ 3 (ಮಂಜೇಶ್ವರದಿಂದ)

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಬರವಣಿಗೆಯನ್ನು ಕೈಬಿಡಬಾರದು. ಪರೀಕ್ಷೆಯಲ್ಲಿ ಓದು, ಆಲಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಿಗೂ ಬೇರೆಬೇರೆಯಾಗಿ 100ಕ್ಕೆ 60 ಅಂಕ ಬರಬೇಕು. ಅಲ್ಲಿನ ವಾರ್ಡಿನಲ್ಲೂ ರೋಗಿಯ ವರದಿಯನ್ನು ಬರೆದೇ ಇಡಬೇಕಾಗುತ್ತದೆ. ಮೊದಲು ಮಾತನಾಡಲಿ, ಮಾತನಾಡಿದ್ದನ್ನೇ ಆಮೇಲೆ ನಾಲ್ಕು ಸಾಲು ಬರೆಯಲಿ. ಈಗ ಆ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಅಂದಹಾಗೆ, 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಕಿಟೆಲ್ ಜರ್ಮನಿಯಿಂದ ಬಂದವರು. ನಮ್ಮ ಭಾಷೆಯನ್ನು ಅವರು ಕಲಿತದ್ದೂ ಇದೇ ಕರಾವಳಿಗೆ ಬಂದಿಳಿದು. ಮಕ್ಕಳಿಗೆ ಹೇಳಿ ನೋಡಿ, ಸ್ವಲ್ಪ ಬಿಗುವು ಸಡಿಲವಾದೀತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇವತ್ತು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಇಟ್ಟು ನಾಡಿಬಡಿತ ಬರೆಸಿದೆ. ಏಳು ಮಂದಿಯಲ್ಲಿ ಐವರು 85ನ್ನು 58 ಮಾಡಿದರು, ಕೊನೆಯ ಪುಟದ ಹುಡುಗಿಯ ಉತ್ತರ ಸರಿ ಇತ್ತು. ಮುಳ್ಳೇರಿಯದ ಸಹೋದರಿಯಲ್ಲಿ ಒಂದು ಕೇಳಿಕೆ: ಬಿಡುವಿದ್ದಾಗ ಅಲ್ಲಿನವರ ವೇಗದಲ್ಲೇ ಒಂದು ನಿಮಿಷದ ಹ್ಯಾಂಡ್‌ಓವರನ್ನು, ಕಲ್ಪಿತ ರೋಗಿಯ ಕುರಿತು, ವಾಯ್ಸ್ ಮೆಸೇಜ್ ಮಾಡಿ ಕಳಿಸಬಹುದೇ? ನಮ್ಮ ತರಗತಿ ಸಂಜೆ 7ಕ್ಕೆ, ಈಗ ಬೇಸಿಗೆಯ ಲೆಕ್ಕದಲ್ಲಿ ನಿಮಗೆ ಮಧ್ಯಾಹ್ನ 3.30.