ನದಿಯ ಪಾಲು

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ‘ಅಜ್ಜನ ಮನೆ’ ಎಂದು ಹೆಸರು. ದೊಡ್ಡಪ್ಪ ಕಾರಟಗಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತಾರೆ; ಗಿರಿಜಕ್ಕ ಅವರ ಮಗಳು. ದೊಡ್ಡಪ್ಪನ ತಂಗಿ, ಅಂದರೆ ನಮ್ಮ ಅತ್ತೆ, ಅದೇ ಕಾಲುವೆಯ ಕೊನೆಭಾಗದ ಸಿರವಾರದಲ್ಲಿದ್ದಾರೆ. ಕೊಪ್ಪಳದ ಕಾಕಾ ನಿವೃತ್ತ ಕನ್ನಡ ಮಾಸ್ತರರು; ಗುಂಪಿನಲ್ಲಿ ಅರ್ಧಂಬರ್ಧ ವಾಕ್ಯ ಬರೆಯಕೂಡದೆಂದು ಕಟ್ಟು ಹಾಕಿದವರು ಅವರೇ. ಬೆಂಗಳೂರಿನಲ್ಲಿರುವ ಅವರ ಮಗ ಮಂಜು 2024ರಲ್ಲಿ ಕಳಿಸಿದ ಒಂದು ವಿಡಿಯೊದಿಂದ ಎದ್ದ ವಾದ ಇದು. ಗುಡ್ ಮಾರ್ನಿಂಗ್ ಚಿತ್ರಗಳನ್ನೂ ನಡುವೆ ಬಂದ ಒಂದು ಹುಟ್ಟುಹಬ್ಬದ ಶುಭಾಶಯವನ್ನೂ ತೆಗೆದುಹಾಕಿ ಉಳಿದುದನ್ನು ಇದ್ದಂತೆಯೇ ಇಟ್ಟಿದ್ದೇನೆ.

ಮಂಜು: ಎಲ್ಲರೂ ಐದು ನಿಮಿಷ ಬಿಡುವು ಮಾಡಿಕೊಂಡು ಈ ವಿಡಿಯೊ ನೋಡಿ. ಅಮೆರಿಕದ ಕ್ಲಾಮತ್ ನದಿಗೆ ಅಡ್ಡಲಾಗಿದ್ದ ನಾಲ್ಕು ಅಣೆಕಟ್ಟುಗಳನ್ನು ಕೆಡವುವ ಕೆಲಸ ಈ ವರ್ಷ ಮುಗಿದಿದೆ. ಕೆಲಸ ಮುಗಿದ ಕೆಲವೇ ವಾರಗಳಲ್ಲಿ ಸಾಲ್ಮನ್ ಮೀನುಗಳು ಕ್ಯಾಲಿಫೋರ್ನಿಯಾ ದಾಟಿ ಒರೆಗಾನ್ ರಾಜ್ಯದವರೆಗೆ ಈಜಿಹೋಗಿವೆ; ಆ ದಾರಿ ಅವಕ್ಕೆ ಮುಚ್ಚಿ ನೂರು ವರ್ಷ ದಾಟಿತ್ತು. ಮನಸ್ಸು ಮಾಡಿದರೆ ಸತ್ತ ನದಿಯನ್ನೂ ಬದುಕಿಸಬಹುದು. ನಮ್ಮ ತುಂಗಭದ್ರೆಯ ವಿಷಯದಲ್ಲಿ ಇಂಥ ಒಂದು ಮಾತನ್ನಾದರೂ ನಾವು ಆಡಿದ್ದೇವೆಯೇ?

ಕಾರಟಗಿ ದೊಡ್ಡಪ್ಪ: ಆಡಬೇಡ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಕೊಂಡು ಹೋದಾಗ ನೀನು ಬೆಂಗಳೂರಿನಲ್ಲಿ ನಿದ್ದೆ ಮಾಡುತ್ತಿದ್ದೆ. ಇಲ್ಲಿ ನಾಟಿ ಮಾಡಿದ್ದ ಒಬ್ಬನಿಗೂ ಆ ವಾರ ನಿದ್ದೆ ಬರಲಿಲ್ಲ. ಒತ್ತಡ ತಗ್ಗಿಸಲು 33 ಗೇಟುಗಳನ್ನೂ ತೆರೆದು, ತುಂಬಿದ್ದ ಜಲಾಶಯವನ್ನು ಕೈಯಾರೆ ಖಾಲಿ ಮಾಡುವುದನ್ನು ನಾವು ನೋಡುತ್ತಾ ನಿಂತೆವು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸದೇ ಹೋಗಿದ್ದರೆ, ಆಮೇಲೆ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬದೇ ಹೋಗಿದ್ದರೆ, ಈ ದೀಪಾವಳಿಗೆ ನಮ್ಮ ಮನೆಯಲ್ಲಿ ದೀಪ ಹಚ್ಚುವ ಮನಸ್ಸೂ ಇರುತ್ತಿರಲಿಲ್ಲ. ಒಂದು ಗೇಟು ಹೋದರೆ ಈ ಗತಿ. ನೀನು ಅಣೆಕಟ್ಟನ್ನೇ ಕೆಡವಿದವರ ವಿಡಿಯೊ ಕಳಿಸುತ್ತೀಯ.

ಮಂಜು: ದೊಡ್ಡಪ್ಪ, ನಮ್ಮ ಅಣೆಕಟ್ಟು ಕೆಡವಬೇಕೆಂದು ನಾನು ಎಲ್ಲಿಯೂ ಬರೆದಿಲ್ಲ.

ಕಾರಟಗಿ ದೊಡ್ಡಪ್ಪ: ಬರೆದಿಲ್ಲ, ಆದರೆ ಕಳಿಸಿದ್ದೀಯ.

ನಾನು: ದೊಡ್ಡಪ್ಪ, ಹೋಲಿಕೆ ಮಾಡುವ ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು; ಅದು ವಿಡಿಯೊದಲ್ಲಿ ಇಲ್ಲ. ಕೆಡವಿದ ಆ ನಾಲ್ಕೂ ಅಣೆಕಟ್ಟುಗಳು ವಿದ್ಯುತ್ತಿಗಾಗಿ ಕಟ್ಟಿದವು. ಅವುಗಳಿಂದ ಯಾವ ರೈತನ ಹೊಲಕ್ಕೂ ಕಾಲುವೆ ಹೋಗುತ್ತಿರಲಿಲ್ಲ. ಪರವಾನಗಿ ಹೊಸದಾಗಿ ಪಡೆಯಬೇಕಾದರೆ ಮೀನುಗಳಿಗೆ ಮೆಟ್ಟಿಲು ಕಟ್ಟಬೇಕೆಂಬ ಷರತ್ತು ಬಂತು. ಹಾಗೆ ಕಟ್ಟುವುದಕ್ಕಿಂತ ಕೆಡವುವುದೇ ಅಗ್ಗವೆಂದು ಮಾಲೀಕ ಕಂಪನಿಗೆ ಲೆಕ್ಕ ಸಿಕ್ಕಿತು. ಕೆಡವುವ ವೆಚ್ಚಕ್ಕೆಂದು 20 ಕೋಟಿ ಡಾಲರನ್ನು ಆ ಕಂಪನಿಯ ವಿದ್ಯುತ್ ಬಳಕೆದಾರರಿಂದ ಎತ್ತಿದರು, 25 ಕೋಟಿ ಡಾಲರನ್ನು ಕ್ಯಾಲಿಫೋರ್ನಿಯಾ ರಾಜ್ಯ ಬಾಂಡ್ ಮೂಲಕ ಕೊಟ್ಟಿತು. ಕ್ಲಾಮತ್‌ನ ನೀರಾವರಿ ಕಾಲುವೆಗಳು ಇನ್ನೂ ಮೇಲ್ಗಡೆ ಇವೆ, ಅವನ್ನು ಯಾರೂ ಮುಟ್ಟಿಲ್ಲ.

ಸಿರವಾರ ಅತ್ತೆ: ಹಾಗಾದರೆ ಅಲ್ಲಿ ರೈತರಿಗೂ ಹೊಳೆಗೂ ಜಗಳವೇ ಇರಲಿಲ್ಲವೇನು? ನನಗೆ ನಂಬಿಕೆ ಬರುವುದಿಲ್ಲ.

ನಾನು: ಜಗಳ ಇತ್ತು ಅತ್ತೆ, ಮತ್ತು ನನ್ನ ದೃಷ್ಟಿಯಲ್ಲಿ ನಾವು ಓದಬೇಕಾದದ್ದು ಮೀನು ಮರಳಿದ ಕಥೆಯನ್ನಲ್ಲ, ಅದಕ್ಕಿಂತ ಹಿಂದಿನ ಈ ಜಗಳವನ್ನು. 2001ರಲ್ಲಿ ಬರ ಬಿತ್ತು. ಅಳಿವಿನಂಚಿನ ಮೀನುಗಳನ್ನು ಉಳಿಸಬೇಕೆಂದು ಸರ್ಕಾರ ಕಾಲುವೆಯ ನೀರು ನಿಲ್ಲಿಸಿತು. ರೈತರು ತೂಬಿನ ಬಳಿ ಬಿಡಾರ ಹೂಡಿ, ಬೀಗ ಹಾಕಿದ್ದ ಗೇಟನ್ನು ಬಲವಂತವಾಗಿ ತೆರೆದರು. ಮರುವರ್ಷ, 2002ರಲ್ಲಿ, ರೈತರಿಗೆ ನೀರು ಬಿಟ್ಟರು. ಆ ಸೆಪ್ಟೆಂಬರಿನಲ್ಲಿ ನದಿಯ ಕೆಳಭಾಗದಲ್ಲಿ ಹತ್ತಾರು ಸಾವಿರ ಸಾಲ್ಮನ್‌ಗಳು ಸತ್ತು ತೇಲಿದವು. ಆ ಮೀನನ್ನೇ ನಂಬಿ ತಲೆತಲಾಂತರದಿಂದ ಬದುಕಿದ ಯುರೋಕ್ ಬುಡಕಟ್ಟಿನವರಿಗೆ ಅದು ಮನೆಯಲ್ಲಿ ಸಾವಾದಂತೆ. ಹೀಗೆ ಒಂದು ವರ್ಷ ಒಬ್ಬರ ಹೊಟ್ಟೆಗೆ, ಮರುವರ್ಷ ಇನ್ನೊಬ್ಬರ ಹೊಟ್ಟೆಗೆ ಹೊಡೆತ ಬಿದ್ದ ಮೇಲೆಯೇ ಎರಡೂ ಕಡೆಯವರು ಎದುರುಬದುರು ಕೂತದ್ದು. 2010ರಲ್ಲಿ ನೀರು ಹಂಚಿಕೆಯ ಒಪ್ಪಂದಕ್ಕೂ ಅಣೆಕಟ್ಟು ಕೆಡವುವ ಒಪ್ಪಂದಕ್ಕೂ ಜೊತೆಯಾಗಿ ಸಹಿ ಹಾಕಿದರು. ಅಮೆರಿಕದ ಸಂಸತ್ತು ಒಪ್ಪಿಗೆ ಕೊಡದೆ ಎಳೆದುದರಿಂದ ನೀರು ಹಂಚಿಕೆಯ ಒಪ್ಪಂದ 2015ರ ಕೊನೆಗೆ ಬಿದ್ದುಹೋಯಿತು. ಅಣೆಕಟ್ಟಿನದು ಮಾತ್ರ ಬೇರೆ ದಾರಿ ಹಿಡಿದು ಈಗ ಮುಗಿದಿದೆ. ಅಂದರೆ ಕಾಂಕ್ರೀಟು ಒಡೆಯುವ ಕೆಲಸ ಆಯಿತು, ನೀರು ಹಂಚುವ ಕೆಲಸ ಹಾಗೆಯೇ ಉಳಿಯಿತು. ವಿಡಿಯೊ ಮಾಡಿದವರು ತೋರಿಸಿದ್ದು ಆದ ಕೆಲಸವನ್ನು.

ಕೊಪ್ಪಳ ಕಾಕಾ: ಚರ್ಚೆ ಚೆನ್ನಾಗಿದೆ. ಕನ್ನಡ ಕಲಿಸಿದವನಾದ್ದರಿಂದ ಒಂದು ಮಾತಿನ ವಿಷಯ ಹೇಳುತ್ತೇನೆ. ಗೇಟು ಮುರಿದ ವಾರ ನೀರು ‘ನದಿಪಾಲು’ ಆಯಿತು ಎಂದು ಎಲ್ಲರೂ ಹಲುಬುತ್ತಿದ್ದರು. ನಾನೂ ಹಾಗೆಯೇ ಹಲುಬಿದೆ. ಕಳ್ಳರ ಪಾಲು, ಗೆದ್ದಲಿನ ಪಾಲು ಎನ್ನುವ ಹಾಗೆಯೇ ನದಿಪಾಲು ಎಂದರೆ ನಮ್ಮ ಕಿವಿಗೆ ಹಾಳಾಯಿತು ಎಂದೇ ಕೇಳಿಸುತ್ತದೆ. ನದಿಯ ನೀರಿನಲ್ಲಿ ನದಿಗೆ ಒಂದು ಪಾಲು ಇರಬೇಕಲ್ಲವೇ ಎಂಬ ಅರ್ಥ ಆ ಮಾತಿನಲ್ಲಿಯೇ ಇದ್ದರೂ ನಮ್ಮ ನಾಲಿಗೆ ಅದನ್ನು ನಷ್ಟದ ಲೆಕ್ಕಕ್ಕೆ ಬರೆದುಬಿಟ್ಟಿದೆ.

ನಾನು: ನಾಲಿಗೆ ಮಾತ್ರವಲ್ಲ ಕಾಕಾ, ಕಾಗದವೂ ಹಾಗೆಯೇ ಬರೆದಿದೆ. ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ಲೆಕ್ಕದಂತೆ ತುಂಗಭದ್ರಾ ಜಲಾಶಯದ ಲೆಕ್ಕ 230 ಟಿಎಂಸಿ ಅಡಿ. ಅದರಲ್ಲಿ 18 ಟಿಎಂಸಿ ಬಿಸಿಲಿಗೆ ಆವಿಯಾಗಿ ಹೋಗುತ್ತದೆಂದು ಬಿಟ್ಟು, ಉಳಿದ 212ರಲ್ಲಿ ಕರ್ನಾಟಕಕ್ಕೆ 138.99, ಅಂದಿನ ಆಂಧ್ರಪ್ರದೇಶಕ್ಕೆ 73.01 ಎಂದು ಹಂಚಿದ್ದಾರೆ. ಬಿಸಿಲಿಗೂ ಒಂದು ಅಂಕಣ ಇದೆ. ಜಲಾಶಯದಿಂದ ಹೊಳೆಗೆ ಬಿಡುವ ನೀರು ಇಲ್ಲವೆಂದಲ್ಲ. ಆದರೆ ಅದು ರಾಜೋಳಿಬಂಡಾ ತಿರುವು ಯೋಜನೆ, ಕರ್ನೂಲು–ಕಡಪ ಕಾಲುವೆ ಎಂಬ ಹೆಸರುಗಳಲ್ಲಿ ಹೋಗುತ್ತದೆ. ಹೊಳೆ ಅಲ್ಲಿ ಪಾಲುದಾರಳಲ್ಲ, ನೀರು ಸಾಗಿಸುವ ದಾರಿ ಅಷ್ಟೇ. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಬೇಸಿಗೆಯಲ್ಲಿ ಆ ನೀರುನಾಯಿಗಳು ಬದುಕುವುದು ಬೇರೆಯವರ ಹೆಸರಿನಲ್ಲಿ ಹರಿಯುವ ನೀರಿನಲ್ಲಿ.

ಕೊಪ್ಪಳ ಕಾಕಾ: ಆದರೂ ಮಂಜುವಿನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. 2019ರಲ್ಲಿ ನಮ್ಮ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಹಿರೇಹಳ್ಳವನ್ನು ಸ್ವಚ್ಛ ಮಾಡಲು ಇಳಿದಾಗ ಸುಮಾರು 26 ಕಿಲೋಮೀಟರ್ ಉದ್ದಕ್ಕೂ ಜನ ಬಂದರು. ಒಬ್ಬರು ಹಣ ಕೊಟ್ಟರು, ಒಬ್ಬರು ಡೀಸೆಲ್ ಕೊಟ್ಟರು, ಯಂತ್ರ ಇದ್ದವರು ಯಂತ್ರ ಕಳಿಸಿದರು, ಏನೂ ಇಲ್ಲದ ನನ್ನಂಥವರು ಬುತ್ತಿ ಕಟ್ಟಿಕೊಂಡು ಹೋಗಿ ಗುದ್ದಲಿ ಹಿಡಿದೆವು. ಜಾಲಿ ಮುಚ್ಚಿಕೊಂಡಿದ್ದ ಹಳ್ಳ ಹಳ್ಳದ ಹಾಗೆ ಕಾಣಿಸಿದ ದಿನ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಟೆಂಡರು ಕರೆದು ಕೂತಿದ್ದರೆ ಅದು ಇನ್ನೂ ಕಡತದಲ್ಲಿಯೇ ಇರುತ್ತಿತ್ತು.

ಗಿರಿಜಕ್ಕ: ಕಾಕಾ, ನಾನು ಆ ಹಳ್ಳದ ದಂಡೆಯ ಊರಿಗೆ ಸೊಸೆಯಾಗಿ ಬಂದವಳು. ಗವಿಮಠದ ಅಜ್ಜಾವರ ಕೆಲಸದ ಬಗ್ಗೆ ನನಗೆ ಗೌರವ ಇದೆ. ನಮ್ಮ ಅತ್ತೆಯವರೂ ಅಂದು ರೊಟ್ಟಿ ಮಾಡಿ ಕಳಿಸಿದ್ದರು. ಆದರೆ ನೀವು ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಹಳ್ಳದ ಜಾಲಿ ಯಾರದೂ ಆಗಿರಲಿಲ್ಲ, ಆದ್ದರಿಂದ ಅದನ್ನು ಕಡಿಯಲು ಯಾರೂ ಅಡ್ಡ ಬರಲಿಲ್ಲ. ಹೂಳು ಯಾರದೂ ಆಗಿರಲಿಲ್ಲ, ತೆಗೆದರೆ ಹೊಲಕ್ಕೆ ಗೊಬ್ಬರವೇ ಆಯಿತು. ಆದರೆ ಉಸುಕಿಗೆ ಮಾಲೀಕರು ಇದ್ದಾರೆ, ಅವರು ರಾತ್ರಿ ಬರುತ್ತಾರೆ. ನಮ್ಮೂರ ಮಗ್ಗುಲಲ್ಲಿ ಹಳ್ಳ ಸ್ವಚ್ಛವಾದ ಮೇಲೆ ಟ್ರ್ಯಾಕ್ಟರಿಗೆ ಇಳಿಯುವ ದಾರಿ ಸಲೀಸಾಯಿತೆಂದರೆ ನಿಮಗೆ ಬೇಸರವಾದೀತು, ಆದರೆ ಸತ್ಯ. ಉಸುಕು ಹೋದ ಕಡೆ ನೀರು ಇಂಗುವುದಿಲ್ಲ, ನಮ್ಮ ಬೋರಿನ ನೀರು ಕೆಳಗಿಳಿಯುತ್ತದೆ. ಮೇಲಿನ ಜಲಾಶಯದಿಂದ ಹಳ್ಳಕ್ಕೆ ಯಾವಾಗ, ಎಷ್ಟು ನೀರು ಬಿಡಬೇಕೆಂದು ದಂಡೆಯ ಹೆಂಗಸರನ್ನು ಯಾರೂ ಕೇಳಿದ್ದು ನನಗಂತೂ ಗೊತ್ತಿಲ್ಲ. ಇನ್ನು ದಂಡೆಯಲ್ಲಿ ಅರ್ಧ ಎಕರೆ ಸೊಪ್ಪು, ಬದನೆ ಬೆಳೆದು ಸಂತೆಗೆ ಒಯ್ಯುವ ಮನೆಗಳಿವೆ. ನಾಳೆ ಒತ್ತುವರಿ ತೆರವು ಎಂದು ಬಂದರೆ ಮೊದಲು ಕೀಳುವುದು ಅವರ ಪಾತಿಯನ್ನೇ, ಏಕೆಂದರೆ ಅವರ ಬಳಿ ಕಾಗದ ಇಲ್ಲ. ಕಾಗದ ಮಾಡಿಸಿಕೊಳ್ಳಬಲ್ಲ ದೊಡ್ಡವರ ಒತ್ತುವರಿಯ ಬಳಿಗೆ ಬರುವಷ್ಟರಲ್ಲಿ ಯಂತ್ರದ ಬಾಡಿಗೆ ಮುಗಿದಿರುತ್ತದೆ.

ಕೊಪ್ಪಳ ಕಾಕಾ: ಬೇಸರವಾಯಿತು. ಆದರೆ ನೀನು ಹೇಳಿದ್ದು ಸುಳ್ಳಲ್ಲ ತಾಯಿ.

ಮಂಜು: ಅಕ್ಕಾ, ಹೀಗೆ ಎಲ್ಲದರಲ್ಲಿಯೂ ತೊಡಕನ್ನೇ ಹುಡುಕಿದರೆ ಯಾವ ಹಳ್ಳವೂ ಹರಿಯುವುದಿಲ್ಲ. ರಾಜಸ್ಥಾನದ ಅಲ್ವಾರಿನಲ್ಲಿ ರಾಜೇಂದ್ರ ಸಿಂಗ್ ಅವರ ತರುಣ ಭಾರತ ಸಂಘವೂ ಊರಿನವರೂ ಸೇರಿ ಮಳೆನೀರು ಹಿಡಿಯುವ ಮಣ್ಣಿನ ಕಟ್ಟೆಗಳಾದ ಜೋಹಡ್ ಕಟ್ಟಿ ಅರ್ವರಿ ನದಿಯನ್ನು ಹರಿಸಲಿಲ್ಲವೇ?

ನಾನು: ಹರಿಸಿದರು ಮಂಜು. ಅಲ್ಲಿಯೂ ತೊಡಕು ಶುರುವಾದದ್ದು ನದಿ ಹರಿದ ಮೇಲೆಯೇ. ಬತ್ತಿದ ನದಿಯ ಕಡೆ ತಿರುಗಿಯೂ ನೋಡದ ಸರ್ಕಾರ, ನೀರು ನಿಂತು ಮೀನು ಕಾಣಿಸಿಕೊಂಡ ಕೂಡಲೇ ಮೀನು ಹಿಡಿಯುವ ಗುತ್ತಿಗೆಯನ್ನು ಹೊರಗಿನವರಿಗೆ ಕೊಟ್ಟಿತು. ಊರವರು ದಂಡೆಯಲ್ಲಿ ಕೂತು ಅದನ್ನು ತಡೆದರು. ನದಿ ಬದುಕಿಸಿದವರು ಒಬ್ಬರು, ನದಿಯ ಒಡೆತನ ಇನ್ನೊಬ್ಬರದು ಎಂಬುದು ಅವರಿಗೆ ಆಗ ಗೊತ್ತಾಯಿತು. ಅದರ ನಂತರವೇ 1999ರಲ್ಲಿ ಎಪ್ಪತ್ತರಷ್ಟು ಹಳ್ಳಿಗಳು ಸೇರಿ ಅರ್ವರಿ ಸಂಸತ್ತು ಕಟ್ಟಿಕೊಂಡವು. ಅದು ಮಾಡಿದ ನಿಯಮಗಳಲ್ಲಿ ಒಂದು, ಹೆಚ್ಚು ನೀರು ಕುಡಿಯುವ ಬೆಳೆ ಬೇಡ ಎಂಬುದು. ಆ ಸಂಸತ್ತಿಗೆ ಕಾನೂನಿನ ಬಲ ಇಲ್ಲ. ಪಕ್ಕದ ಹೊಲದವನ ಮುಖ ನೋಡಬೇಕಲ್ಲ ಎಂಬ ದಾಕ್ಷಿಣ್ಯವೇ ಅದರ ಬಲ.

ಕಾರಟಗಿ ದೊಡ್ಡಪ್ಪ: ಬೆಳೆಯ ಮಾತಿಗೆ ಬರುತ್ತೀರೆಂದು ನನಗೆ ಮೊದಲೇ ಗೊತ್ತಿತ್ತು. ಹೌದು, ಈ ಕಾಲುವೆಯನ್ನು ಬಹುಪಾಲು ಅರೆ ನೀರಾವರಿ ಬೆಳೆಗೆಂದು ಯೋಜಿಸಿದ್ದರು. ಜೋಳ, ಹತ್ತಿ, ಶೇಂಗಾ ಬೆಳೆಯಿರಿ ಎಂದಿದ್ದರು. ನಾವು ಭತ್ತ ಹಾಕಿದೆವು. ಹಾಕಿದಾಗ ಯಾರು ತಡೆದರು? ರೈಸ್ ಮಿಲ್ಲಿಗೆ ಪರವಾನಗಿ ಕೊಟ್ಟರು, ಬ್ಯಾಂಕು ಭತ್ತಕ್ಕೆಂದೇ ಸಾಲ ಕೊಟ್ಟಿತು, ಮಂತ್ರಿಗಳು ಬಂದು ‘ಭತ್ತದ ಕಣಜ’ ಎಂದು ಹೊಗಳಿ ಹಾರ ಹಾಕಿಸಿಕೊಂಡು ಹೋದರು. ಐವತ್ತು ವರ್ಷ ಹೊಗಳಿ ಈಗ ನೀರುಗಳ್ಳ ಎಂದರೆ ಹೇಗೆ? ನನ್ನ ಹೊಲದ ಮಣ್ಣು ನೀರು ಕುಡಿದು ಜೌಗಾಗಿದೆ, ಅಲ್ಲಿ ಹತ್ತಿ ಬಾರದು. ನಾನೊಬ್ಬ ಭತ್ತ ಬಿಟ್ಟರೂ ಸುತ್ತಲಿನ ಗದ್ದೆಯ ಬಸಿನೀರಿನಲ್ಲಿ ನನ್ನ ಜೋಳ ಕೊಳೆಯುತ್ತದೆ. ಜೊತೆಗೆ 133 ಟಿಎಂಸಿಯ ಜಲಾಶಯ ಹೂಳು ತುಂಬಿ 105.788ಕ್ಕೆ ಇಳಿದಿದೆ. ಅದನ್ನು ನಾನು ತುಂಬಿಸಿದ್ದೇನೆಯೇ? ಆ ನಷ್ಟ ತುಂಬಲು ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುತ್ತೇವೆಂದು ಪ್ರತಿ ಚುನಾವಣೆಯಲ್ಲಿಯೂ ಹೇಳುವವರನ್ನು ಕೇಳಿರಿ.

ಸಿರವಾರ ಅತ್ತೆ: ಅಣ್ಣಾ, ನಿನ್ನನ್ನು ಕಳ್ಳ ಎಂದು ನಾನು ಎಂದೂ ಅಂದಿಲ್ಲ, ನಿನ್ನ ಮನೆಯ ಅಕ್ಕಿಯನ್ನೇ ನಾನು ಉಣ್ಣುತ್ತೇನೆ. ಆದರೆ ಮಂಜುವಿನ ವಿಡಿಯೊ ನೋಡಿದಾಗ ನನಗೆ ನೆನಪಾದದ್ದು ಆ ಮೀನುಗಳಲ್ಲ, ನಮ್ಮ ಕಾಲುವೆ. ನನ್ನ ಹೊಲಕ್ಕೂ ಅದೇ ಕಾಲುವೆಯ ಹೆಸರಿನಲ್ಲಿ ಹಕ್ಕು ಇದೆ, ಅದೇ ಪಹಣಿ, ಅದೇ ನೀರಾವರಿ ಎಂಬ ಮುದ್ರೆ. ನೀರು ಮಾತ್ರ ಬರುವುದಿಲ್ಲ. ಪ್ರತಿ ವರ್ಷ ಹತ್ತಿ ಕಾಯಿ ಕಟ್ಟುವ ಹೊತ್ತಿಗೆ ನಿಮ್ಮ ಮಾವ ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜು ನೋಡಲು ಹೋಗುತ್ತಾರೆ, ರಸ್ತೆ ತಡೆಯಲ್ಲಿ ಕೂರುತ್ತಾರೆ, ಅಧಿಕಾರಿಗಳು ಬಂದು ಎರಡು ದಿನ ಪೊಲೀಸರನ್ನು ಕಾಲುವೆ ಮೇಲೆ ಓಡಾಡಿಸುತ್ತಾರೆ, ಮೂರನೇ ದಿನ ಮೇಲಿನ ಪಂಪ್‌ಸೆಟ್ಟುಗಳು ಮತ್ತೆ ಶುರುವಾಗುತ್ತವೆ. ನೀವೆಲ್ಲ ಹೊಳೆಗೆ ಒಂದು ಪಾಲು ಬೇಕೆಂದು ಮಾತಾಡುತ್ತಿದ್ದೀರಿ, ಒಳ್ಳೆಯದು. ಆ ಪಾಲನ್ನು ಯಾರ ಪಾಲಿನಿಂದ ತೆಗೆಯುತ್ತಾರೆಂದು ನನಗೆ ಗೊತ್ತು. ಕಾಲುವೆಗೆ ಹತ್ತು ದಿನ ಮೊದಲೇ ನೀರು ನಿಲ್ಲಿಸಿದರೆ ಆ ಹತ್ತು ದಿನ ಕಾರಟಗಿಯವು ಆಗುವುದಿಲ್ಲ, ಸಿರವಾರದವು ಆಗುತ್ತವೆ. ಕೊನೆಭಾಗದವರಿಗೆ ಮೊದಲು ನೀರು ಮುಟ್ಟಿಸಿ ಆಮೇಲೆ ಹೊಳೆಯ ಮಾತಾಡಿ ಎಂದು ನಾನು ಹೇಳಿದರೆ ನಾನು ನದಿಯ ವಿರೋಧಿ ಎನ್ನುವಿರೇನು?

ಮಂಜು: ಇಲ್ಲ ಅತ್ತೆ. ನಾನು ಈ ದಿಕ್ಕಿನಿಂದ ಯೋಚಿಸಿರಲಿಲ್ಲ.

ನಾನು: ಅತ್ತೆ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ, ಆದರೆ ಅದನ್ನು ಕೇಳುವ ಜಾಗವಾದರೂ ಇರಬೇಕಲ್ಲ. ನೀರಾವರಿ ಸಲಹಾ ಸಮಿತಿಯಲ್ಲಿ ಮಂತ್ರಿಗಳು, ಶಾಸಕರು, ಅಧಿಕಾರಿಗಳು ಕೂತು ಯಾವ ಕಾಲುವೆಗೆ ಎಷ್ಟು ದಿನ ನೀರೆಂದು ತೀರ್ಮಾನಿಸುತ್ತಾರೆ. ರೈತರು ಮನವಿ ಹಿಡಿದು ಹೊರಗೆ ನಿಲ್ಲುತ್ತಾರೆ. ಹೊಳೆಯಲ್ಲಿ ಬಲೆ ಬೀಸುವವರಿಗೆ, ಹರಿಗೋಲು ಹಾಕುವವರಿಗೆ ಹೊರಗೆ ನಿಲ್ಲುವ ಹಕ್ಕೂ ಇದ್ದಂತಿಲ್ಲ. ಕ್ಲಾಮತ್‌ನಲ್ಲಿ ಮೀನು ಹಿಡಿಯುವವರಿಗೆ ಹಳೆಯ ಒಡಂಬಡಿಕೆಯ, ನ್ಯಾಯಾಲಯದ ತೀರ್ಪುಗಳ ಬೆಂಬಲ ಇತ್ತು, ಆದ್ದರಿಂದ ರೈತರು ಅವರೊಡನೆ ಮಾತಾಡಲೇಬೇಕಾಯಿತು. ನಮ್ಮಲ್ಲಿ ಮೇಲ್ಭಾಗದವರು ಕೊನೆಭಾಗದವರೊಡನೆ ಮಾತಾಡಬೇಕಾದ ಒತ್ತಾಯ ಎಲ್ಲಿದೆ?

ಕಾರಟಗಿ ದೊಡ್ಡಪ್ಪ: ಒತ್ತಾಯ ಇದೆ. ಅವಳು ನನ್ನ ತಂಗಿ.

ಕಾರಟಗಿ ದೊಡ್ಡಪ್ಪ: ಒಂದು ಮಾತು ಹೇಳುತ್ತೇನೆ, ಇದನ್ನು ಹೊರಗೆ ಯಾರೂ ಹಂಚಬೇಡಿ. ನಮ್ಮ ಅವ್ವನ ತವರೂರು ಈ ಜಲಾಶಯದಲ್ಲಿ ಮುಳುಗಿದೆ. 1953ರಲ್ಲಿ ಕಾಲುವೆಗೆ ನೀರು ಬಂದಾಗ ಜನರೆಲ್ಲ ಪೂಜೆ ಮಾಡಲು ಹೋದರೆ ಅವ್ವ ಹೋಗಿರಲಿಲ್ಲವಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ನನ್ನ ಕೈಹಿಡಿದು ದಂಡೆಗೆ ಕರೆದುಕೊಂಡು ಹೋಗಿ, ಕೆಸರಿನಲ್ಲಿ ಎದ್ದ ಗುಡಿಯ ಕಟ್ಟೆ ತೋರಿಸುತ್ತಿದ್ದಳು. ಅವಳ ಊರು ಹೋಗಿದ್ದರಿಂದ ನಮಗೆ ನೀರು ಬಂತು, ಅವಳನ್ನು ಯಾರೂ ಕೇಳಿರಲಿಲ್ಲ. ಗಿರಿಜಾ ಪಾತಿಯವರ ಮಾತು ಹೇಳಿದಾಗ ಅದು ನೆನಪಾಯಿತು.

ಸಿರವಾರ ಅತ್ತೆ: ಆ ಕಟ್ಟೆ ನನಗೂ ತೋರಿಸಿದ್ದಳು ಅಣ್ಣಾ.

ಗಿರಿಜಕ್ಕ: ಅಪ್ಪಾ, ಇದನ್ನು ನನಗೆ ನೀವು ಎಂದೂ ಹೇಳಿರಲಿಲ್ಲ.

ಸಿರವಾರ ಅತ್ತೆ: ಹಾಗಾದರೆ ಕೇಳಿಯೇ ಬಿಡುತ್ತೇನೆ. ಬೇಸಿಗೆ ಬೆಳೆಗೆ ನೀನು ಮತ್ತೆ ಭತ್ತವನ್ನೇ ಹಾಕುತ್ತೀಯೇನು?

ಕಾರಟಗಿ ದೊಡ್ಡಪ್ಪ: ಎತ್ತರದ ಎರಡು ಎಕರೆಗೆ ಬಸಿನೀರು ಅಷ್ಟಾಗಿ ಬರುವುದಿಲ್ಲ, ಅಲ್ಲಿ ಜೋಳ ಹಾಕಿ ನೋಡಬಹುದು. ಪಕ್ಕದ ಹೊಲದವನು ಒಪ್ಪಿದರೆ ನಾಲ್ಕು ಎಕರೆ ಆದೀತು. ಉಳಿದದ್ದರಲ್ಲಿ ಭತ್ತವೇ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಎರಡು ಎಕರೆಯ ನೀರು ಉಳಿದರೆ ಅದು ನಿನ್ನ ಹೊಲಕ್ಕೂ ಬರುವುದಿಲ್ಲ, ಹೊಳೆಗೂ ಹೋಗುವುದಿಲ್ಲ. ನನ್ನ ಕೆಳಗಿನ ಕ್ಯಾಂಪಿನವನು ಎತ್ತಿಕೊಳ್ಳುತ್ತಾನೆ.

ಸಿರವಾರ ಅತ್ತೆ: ಹಾಗಾದರೆ ಅವನ ಹತ್ತಿರವೂ ಹೋಗೋಣ. ಭಾನುವಾರ ನಿಮ್ಮ ಮಾವನೂ ನಾನೂ ಬರುತ್ತೇವೆ. ನಿಮ್ಮ ತೂಬಿನಿಂದ ನಮ್ಮ ತೂಬಿನವರೆಗೆ ಗೇಜು ನೋಡುತ್ತಾ ಕಾಲುವೆ ಗುಂಟ ಬರೋಣ. ಮಂಜು, ನೀನೂ ಊರಿಗೆ ಬಾ. ವಿಡಿಯೊ ಮಾಡುವವರು ಒಬ್ಬರು ಬೇಕು.

ಮಂಜು: ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ತೆಗೆಯುತ್ತೇನೆ ಅತ್ತೆ.

ಕಾರಟಗಿ ದೊಡ್ಡಪ್ಪ: ಬರುವಾಗ ಬೂಟು ಹಾಕಿಕೊಂಡು ಬರಬೇಡ. ಏರಿಯ ಮೇಲೆ ಕೆಸರು ಇದೆ.