ಸಹಾಯ ಬೇಕು: ಗ್ರೀಸ್‌ನ ಮೈಸೀನಿ, ನೆಮೆಯಾ ಒಂದೇ ದಿನದಲ್ಲಿ, ಅಪ್ಪ ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ಅಪ್ಪ, ಅಮ್ಮ, ನಾವಿಬ್ಬರು ಅಥೆನ್ಸ್‌ನಲ್ಲಿ ಇರ್ತೀವಿ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಮೈಸೀನಿಯ ಸಿಂಹದ್ವಾರವನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸ್ತಿದ್ದರು. ಕ್ರಿ.ಪೂ. 1250ರ ಸುಮಾರಿನ ಆ ಬಾಗಿಲ ಕೆಳಗೆ ಅವರನ್ನು ನಿಲ್ಲಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಬೆಳಿಗ್ಗೆ ಬೇಗ ಮೈಸೀನಿ, ಆಮೇಲೆ ನೆಮೆಯಾ. ಅಲ್ಲಿ ಝ್ಯೂಸ್ ದೇವರ ಗುಡಿ, ಹಳೇ ಕ್ರೀಡಾಂಗಣ ನೋಡೋದು. ಕ್ರೀಡಾಂಗಣದ ಸುರಂಗದ ಗೋಡೆಯಲ್ಲಿ ಓಟಗಾರರು ಗೀಚಿದ ಹೆಸರುಗಳು ಈಗಲೂ ಇವೆಯಂತೆ, ಅಪ್ಪ ಅದನ್ನೇ ಕಾಯ್ತಿದ್ದಾರೆ. ಮಧ್ಯಾಹ್ನ ಅಲ್ಲೇ ಒಂದು ವೈನರಿಯಲ್ಲಿ ಅಯೊರ್ಗೀತಿಕೊ ದ್ರಾಕ್ಷಿಯ ಕೆಂಪು ವೈನ್ ರುಚಿ, ಸಂಜೆ ನಾಫ್‌ಪ್ಲಿಯೊ ಊರಲ್ಲಿ ಊಟ. ವೈನ್ ಕುಡಿದ ಮೇಲೆ ನಾನು ಕಾರು ಓಡಿಸಲ್ಲ, ಹಾಗಾಗಿ ಇಡೀ ದಿನಕ್ಕೆ ಡ್ರೈವರ್ ಬೇಕು. ಎಷ್ಟು ಕೊಡಬೇಕಾಗಬಹುದು?

ಅಮ್ಮನಿಗೆ ಮಂಡಿನೋವು. ಸಿಂಹದ್ವಾರದವರೆಗಿನ ಏರು ಕೋಲು ಹಿಡಿದು ನಿಧಾನವಾಗಿ ಹತ್ತೋ ಹಾಗಿದೆಯಾ? ಕಲ್ಲು ಜಾರುತ್ತಾ?

ಎಲ್ಲಕ್ಕಿಂತ ಚಿಂತೆ ಊಟದ್ದು. ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಹಳದಿ ಬೇಳೆ ಬೇಯಿಸಿ ಮಸೆದು ಆಲಿವ್ ಎಣ್ಣೆ, ಈರುಳ್ಳಿ ಹಾಕೋ ಫಾವಾ ನಮ್ಮ ತೊವ್ವೆಯ ಹಾಗೇ ಇರುತ್ತೆ, ಅದು ಒಗ್ಗುತ್ತೆ. ಆದರೆ ಟೊಮೇಟೊಗೆ ಅನ್ನ ತುಂಬಿ ಮಾಡೋ ಗೆಮಿಸ್ತಾದಲ್ಲಿ ಕೆಲವು ಕಡೆ ಖೀಮಾ ಸೇರಿಸ್ತಾರೆ. ನಿಸ್ತೀಸಿಮೊ, ಅಂದರೆ ಉಪವಾಸದ ಅಡುಗೆ ಅಂತ ಕೇಳಿದರೂ ಸಿಗಡಿ, ಆಕ್ಟೋಪಸ್ ಬರಬಹುದು. ಹೋಟೆಲಿನವರಿಗೆ ಗ್ರೀಕ್‌ನಲ್ಲಿ ಏನಂತ ಹೇಳಿದರೆ ಸರಿಯಾಗಿ ಅರ್ಥ ಆಗುತ್ತೆ? ಹೋಗಿ ಬಂದವರು ದಯವಿಟ್ಟು ತಿಳಿಸಿ, ಟಿಕೆಟ್ ಆಗಲೇ ಬುಕ್ ಆಗಿದೆ.